ಗೆರೆ ಎಳೆಯುತ್ತಿದ್ದ ಪರದೆಗಳು

(ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡುವ ಲ್ಯಾಬಿನಲ್ಲಿ ನೀವು ಮೌಸ್ ಒತ್ತಿ ಎಳೆದರೆ ಇಡೀ ಗೇರ್‌ಬಾಕ್ಸ್ ತಿರುಗುತ್ತದೆ. ಒಂದು ಗೆರೆ ಬೇಡ ಅನ್ನಿಸಿದರೆ ಡಿಲೀಟ್ ಒತ್ತುತ್ತೀರಿ, ಅದು ಮಾಯ. ಅದರ ಬಗ್ಗೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ, ಅಲ್ವಾ? 1970ರ ದಶಕದಲ್ಲಿ ಕ್ಯಾಡ್ ಕೆಲಸ ಮಾಡುತ್ತಿದ್ದ ಬಹಳಷ್ಟು ಎಂಜಿನಿಯರುಗಳ ಕಥೆ ಬೇರೆ. ಪರದೆಯಿಂದ ಒಂದು ಗೆರೆ ಹೋಗಬೇಕಾದರೆ ಇಡೀ ಚಿತ್ರವನ್ನು ಅಳಿಸಬೇಕಿತ್ತು. ಆಮೇಲೆ ಕಂಪ್ಯೂಟರ್ ಮೊದಲಿನಿಂದ ಮತ್ತೆ ಬರೆಯುವವರೆಗೆ ಕಾಯಬೇಕಿತ್ತು. ಇಂಥ ಕೈಕಟ್ಟಿಹೋದ ಯಂತ್ರವೇ ಕ್ಯಾಡನ್ನು ಊರೂರಿಗೆ ತಲುಪಿಸಿತು ಅನ್ನುವುದು ನನ್ನ ವಾದ. ಪುಸ್ತಕಗಳಲ್ಲಿ ಹೆಸರು ಮಾಡಿದ ಯಂತ್ರಗಳು ಬೇರೆ, ಕೆಲಸ ಮಾಡಿದ ಯಂತ್ರಗಳು ಬೇರೆ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಇವತ್ತಿನ ಪರದೆ ಚುಕ್ಕೆಗಳದ್ದು. ಅಡ್ಡಕ್ಕೆ 1024, ಉದ್ದಕ್ಕೆ 1024 ಚುಕ್ಕೆ ಅಂದುಕೊಳ್ಳಿ. ಒಟ್ಟು 10 ಲಕ್ಷಕ್ಕೂ ಜಾಸ್ತಿ. ಬಣ್ಣ ಬೇಡ, ಬೆಳಗಿದೆಯೋ ಇಲ್ಲವೋ ಅಷ್ಟೇ ಸಾಕು ಅಂದರೂ ಒಂದೊಂದು ಚುಕ್ಕೆಗೂ ಒಂದು ಬಿಟ್ ಮೆಮೊರಿ ಬೇಕು. ಅಂದರೆ 128 ಕಿಲೋಬೈಟ್. ಈಗ ಅದಕ್ಕೆ ಬೆಲೆಯೇ ಇಲ್ಲ. ಆಗಿನ ಮೆಮೊರಿ ಅಂದರೆ ಫೆರೈಟ್ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ ಮಾಡಿದ ಕೋರ್ ಮೆಮೊರಿ. ಶುರುವಿನಲ್ಲಿ ಅದರ ಬೆಲೆ ಒಂದು ಬಿಟ್‌ಗೆ ಸುಮಾರು ಒಂದು ಡಾಲರ್. ಬರುಬರುತ್ತಾ ಇಳಿದು ಇಳಿದು ಒಂದು ಸೆಂಟಿನ ಹತ್ತಿರ ಬಂತು. ಡಾಲರಿನ ಲೆಕ್ಕ ಹಿಡಿದರೆ ಒಂದು ಪರದೆಗೆ 10 ಲಕ್ಷ ಡಾಲರ್. ಸೆಂಟಿನ ಲೆಕ್ಕ ಹಿಡಿದರೂ 10 ಸಾವಿರ ಡಾಲರ್. ಅದೂ ಬರೀ ಪರದೆಯ ಚುಕ್ಕೆಗಳನ್ನು ನೆನಪಿಟ್ಟುಕೊಳ್ಳುವುದಕ್ಕೆ. ಲೆಕ್ಕ ಮಾಡುವುದಕ್ಕೆ ಮೆಮೊರಿ ಬೇರೆಯೇ ಬೇಕು.

ಹಾಗಾದರೆ ಚಿತ್ರವನ್ನು ಎಲ್ಲಿ ಇಡುವುದು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಮೊದಲು ಹೊಳೆದ ಉತ್ತರ: ಚುಕ್ಕೆಗಳನ್ನು ಇಡಬೇಡಿ, ಗೆರೆಗಳ ಪಟ್ಟಿ ಇಡಿ. ಎಂಜಿನಿಯರಿಂಗ್ ಡ್ರಾಯಿಂಗ್ ಅಂದರೆ ಹೆಚ್ಚಾಗಿ ಗೆರೆಗಳೇ ತಾನೇ? ಒಂದು ಗೆರೆಗೆ ಎರಡು ತುದಿ ಗೊತ್ತಿದ್ದರೆ ಸಾಕು. ಸಾವಿರ ಗೆರೆಯ ಚಿತ್ರಕ್ಕೆ ಕೆಲವು ಸಾವಿರ ಸಂಖ್ಯೆ. ಅದು ಆಗಿನ ಮೆಮೊರಿಯಲ್ಲೂ ಹಿಡಿಸುತ್ತಿತ್ತು.

ಇನ್ನು ಆ ಪಟ್ಟಿಯನ್ನು ಪರದೆಗೆ ತರಬೇಕು. ಹಳೆಯ ಟಿವಿಯ ಪಿಕ್ಚರ್ ಟ್ಯೂಬ್ ನೆನಪಿಸಿಕೊಳ್ಳಿ. ಅದರಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಇಡೀ ಗಾಜನ್ನು ಗುಡಿಸಿಕೊಂಡು ಹೋಗುತ್ತದೆ. ಗೆರೆಗಳ ಪಟ್ಟಿ ಹಿಡಿದು ಬರೆಯುವ ಈ ಪರದೆಯಲ್ಲಿ, ಅಂದರೆ ವೆಕ್ಟರ್ ಪರದೆಯಲ್ಲಿ, ಹಾಗಲ್ಲ. ಕಿರಣ ನೇರವಾಗಿ ಗೆರೆಯ ಒಂದು ತುದಿಗೆ ಹೋಗಿ, ಹೊತ್ತಿಕೊಂಡು, ಇನ್ನೊಂದು ತುದಿಯವರೆಗೆ ಎಳೆದು, ಆರಿ, ಮುಂದಿನ ಗೆರೆಗೆ ಜಿಗಿಯುತ್ತದೆ. ದೀಪಾವಳಿ ರಾತ್ರಿ ಮಕ್ಕಳು ಸುರ್‌ಸುರ್ ಬತ್ತಿ ಹಿಡಿದು ಕತ್ತಲಲ್ಲಿ ಸೊನ್ನೆ ಬರೆಯುತ್ತಾರಲ್ಲ, ಅದೇ ಉಪಾಯ. ಕೈ ಬೇಗ ಸುತ್ತಿದರೆ ಮಾತ್ರ ಸೊನ್ನೆ ಕಾಣುತ್ತದೆ. ಕಿರಣ ತಗುಲಿದಾಗ ಬೆಳಗುವ ಪರದೆಯ ಲೇಪ, ಅಂದರೆ ಫಾಸ್ಫರ್, ಕೂಡ ಕ್ಷಣದಲ್ಲಿ ಆರಿಹೋಗುತ್ತದೆ. ಅದಕ್ಕೇ ಪಟ್ಟಿಯನ್ನು ಮತ್ತೆ ಮತ್ತೆ, ಸೆಕೆಂಡಿಗೆ 30–40 ಸಲ, ಮೊದಲಿಂದ ಕೊನೆಯವರೆಗೆ ಎಳೆಯುತ್ತಲೇ ಇರಬೇಕು. ಇದನ್ನು ರಿಫ್ರೆಶ್ ಅನ್ನುತ್ತಾರೆ.

ಇಂಥ ಪರದೆಗಳು ಹುಟ್ಟಿದ್ದು ಎಂಜಿನಿಯರಿಂಗ್‌ಗಾಗಿ ಅಲ್ಲ. ಅಮೆರಿಕದ ಎಂಐಟಿಯ ವರ್ಲ್‌ವಿಂಡ್ ಕಂಪ್ಯೂಟರ್, ಅದರಿಂದ ಬೆಳೆದ ಸೇಜ್ ವಾಯುರಕ್ಷಣಾ ವ್ಯವಸ್ಥೆ, ಇವುಗಳಲ್ಲಿ ರೇಡಾರ್ ಕಂಡ ವಿಮಾನವನ್ನು ಪರದೆ ಮೇಲೆ ಗುರುತಿಸಲು ಅದಕ್ಕೆ ಗುರಿಯಿಟ್ಟು ಹಿಡಿಯುವ ಲೈಟ್ ಗನ್ ಬಳಸುತ್ತಿದ್ದರು. ಪರದೆ ಮೇಲಿನ ಗೆರೆಯನ್ನು ಮುಟ್ಟಿ ತೋರಿಸುವ ಲೈಟ್ ಪೆನ್ ಬಂದದ್ದು ಅದೇ ವಂಶದಿಂದ. ಯುದ್ಧದ ಭಯಕ್ಕೆ ಸುರಿದ ದುಡ್ಡಿನಿಂದ ಡ್ರಾಯಿಂಗ್ ಬೋರ್ಡ್ ಬದಲಾಯಿತು. ತಂತ್ರಜ್ಞಾನದ ಚರಿತ್ರೆಯಲ್ಲಿ ಇದು ಹೊಸದೇನಲ್ಲ ಬಿಡಿ.

ಎಂಐಟಿಯದ್ದೇ ಆದ ಲಿಂಕನ್ ಲ್ಯಾಬಿನ ಟಿಎಕ್ಸ್-2 ಕಂಪ್ಯೂಟರಿನಲ್ಲಿ ಐವನ್ ಸದರ್ಲೆಂಡ್ ಅನ್ನುವ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಅನ್ನುವ ಡ್ರಾಯಿಂಗ್ ಪ್ರೋಗ್ರಾಮ್ ಬರೆದರು. 1963ರಲ್ಲಿ ಪ್ರಬಂಧ ಸಲ್ಲಿಸಿದರು. ಪರದೆ ಬರೀ 7 ಇಂಚು ಅಗಲ, 7 ಇಂಚು ಎತ್ತರ. ಆದರೆ ಅದರೊಳಗಿನ ಯೋಚನೆ ನೋಡಿ. ನೀವು ಸೊಟ್ಟಗೆ ನಾಲ್ಕು ಗೆರೆ ಎಳೆದು 'ಇವೆರಡು ಸಮಾನಾಂತರ, ಇದು ಅದಕ್ಕೆ ಲಂಬ' ಅಂದರೆ ಯಂತ್ರವೇ ತಿದ್ದಿ ನೇರ ಮಾಡುತ್ತಿತ್ತು. ಒಂದು ಮೂಲ ಆಕಾರ ಬರೆದು ಅದರ ಹತ್ತು ಪ್ರತಿ ಇಟ್ಟರೆ, ಮೂಲ ಬದಲಾದಾಗ ಹತ್ತೂ ಬದಲಾಗುತ್ತಿದ್ದವು. ಸೇತುವೆಯ ಟ್ರಸ್ ಬರೆದು ಭಾರ ಹೇರಿದರೆ ಯಾವ ಕಡ್ಡಿಗೆ ಎಷ್ಟು ಬಲ ಅಂತ ತೋರಿಸುತ್ತಿತ್ತು. ನೀವು ಇವತ್ತು ಸ್ಕೆಚ್‌ನಲ್ಲಿ ಹಾಕುವ ಕನ್‌ಸ್ಟ್ರೇಂಟ್, ಅಂದರೆ ಇಂಥ ಷರತ್ತು, ಅರವತ್ತು ವರ್ಷ ಹಳೆಯದು.

ಒಂದು ವಿಷಯವನ್ನು ಮಾತ್ರ ಜನ ಮರೆಯುತ್ತಾರೆ. ಟಿಎಕ್ಸ್-2ರ ಪರದೆ ನಿಜವಾಗಿ ಗೆರೆ ಎಳೆಯುತ್ತಿರಲಿಲ್ಲ. ಚುಕ್ಕೆ ಪಕ್ಕ ಚುಕ್ಕೆ ಇಟ್ಟು ಗೆರೆ ಮಾಡುತ್ತಿತ್ತು. ಪರದೆ ಆರದಂತೆ ನೋಡಿಕೊಳ್ಳುವುದೇ ಕಂಪ್ಯೂಟರಿಗೆ ದೊಡ್ಡ ಕೆಲಸ. ಮೇಲಾಗಿ ಅಷ್ಟು ದೊಡ್ಡ ಯಂತ್ರ ಆ ಹೊತ್ತಿಗೆ ಒಬ್ಬನೇ ಮನುಷ್ಯನ ಸೇವೆಗೆ. ಯಾವ ಕಾರ್ಖಾನೆಗೆ ಅದು ಸಾಧ್ಯ?

ಕಾರ್ಖಾನೆಗಳೂ ಸುಮ್ನೆ ಕೂತಿರಲಿಲ್ಲ. ಜನರಲ್ ಮೋಟರ್ಸ್ ಕಂಪನಿ ಐಬಿಎಂ ಜೊತೆ ಸೇರಿ ಕಾರಿನ ಮೈಕಟ್ಟು ವಿನ್ಯಾಸಕ್ಕೆ ಡ್ಯಾಕ್-1 ಅನ್ನುವ ವ್ಯವಸ್ಥೆ ಮಾಡಿ 1964ರಲ್ಲಿ ಹೊರಗೆ ತೋರಿಸಿತು. ಅದೇ ವರ್ಷ ಐಬಿಎಂ ತನ್ನ ಸಿಸ್ಟಂ/360 ಕಂಪ್ಯೂಟರ್ ಸರಣಿಯ ಜೊತೆ 2250 ಅನ್ನುವ ಡಿಸ್‌ಪ್ಲೇ ಪ್ರಕಟಿಸಿತು. ಕೆಲಸ ಮಾಡುವ ಜಾಗ 12 ಇಂಚು ಅಗಲ, 12 ಇಂಚು ಎತ್ತರ. ಅದರಲ್ಲಿ 1024×1024 ಬಿಂದು. ಲೈಟ್ ಪೆನ್, ಟೈಪ್ ಮಾಡಲು ಕೀಬೋರ್ಡ್, ಜೊತೆಗೆ 32 ಗುಂಡಿಗಳ ಇನ್ನೊಂದು ಫಂಕ್ಷನ್ ಕೀಬೋರ್ಡ್. ಸೆಕೆಂಡಿಗೆ ಸುಮಾರು 40 ಸಲ ರಿಫ್ರೆಶ್. 1970ರ ಹೊತ್ತಿಗೆ ಅದರ ಬೆಲೆ ಸುಮಾರು 2.8 ಲಕ್ಷ ಡಾಲರ್. ಹಿಂದೆ ಇರಬೇಕಾದ ದೊಡ್ಡ ಕಂಪ್ಯೂಟರಿನ, ಅಂದರೆ ಮೇನ್‌ಫ್ರೇಮಿನ, ಬೆಲೆ ಬೇರೆ.

ಇಷ್ಟು ದುಡ್ಡು ಕೊಡುವವರು ಯಾರು? ವಿಮಾನ ಮಾಡುವವರು. ಕ್ಯಾಲಿಫೋರ್ನಿಯಾದ ಲಾಕ್‌ಹೀಡ್ ಕಂಪನಿ 2250 ಮೇಲೆ ಕ್ಯಾಡಂ ಅನ್ನುವ ಡ್ರಾಫ್ಟಿಂಗ್ ಸಾಫ್ಟ್‌ವೇರ್ ಬೆಳೆಸಿತು. 1970ರ ದಶಕದ ಮಧ್ಯದಲ್ಲಿ ಫ್ರಾನ್ಸಿನ ದಸ್ಸೋ ವಿಮಾನ ಕಂಪನಿ ಕ್ಯಾಡಂ ಕೊಂಡುಕೊಂಡಿತು. ಅದು ಎರಡು ಆಯಾಮದ್ದು. ದಸ್ಸೋಗೆ ಮೂರು ಆಯಾಮದ ಮೇಲ್ಮೈಗಳು ಬೇಕಿತ್ತು, ತಾನೇ ಬರೆಯಲು ಕೂತಿತು. ಹಾಗೆ ಹುಟ್ಟಿದ್ದೇ ಕಟಿಯಾ. ಅದನ್ನು ಮಾರುವುದಕ್ಕೆ 1981ರಲ್ಲಿ ದಸ್ಸೋ ಸಿಸ್ಟಂಸ್ ಬೇರೆ ಕಂಪನಿಯಾಯಿತು. ಇವತ್ತು ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳ ಡಿಸೈನ್ ಮಾಡುವ ಎಷ್ಟೋ ಹುಡುಗ ಹುಡುಗಿಯರ ಅನ್ನ ಕಟಿಯಾದಿಂದ. ನಿಮ್ಮಲ್ಲಿ ಕೆಲವರದ್ದೂ ಆಗಬಹುದು.

ಈಗ ಲೈಟ್ ಪೆನ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ತುಂಬಾ ಜನ ಅದು ಬೆಳಕು ಬಿಡುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ, ಅದು ಬೆಳಕನ್ನು ನೋಡುತ್ತದೆ. ಪೆನ್ನಿನ ತುದಿಯನ್ನು ಪರದೆ ಮೇಲಿನ ಒಂದು ಗೆರೆಗೆ ತಾಗಿಸಿದ್ದೀರಿ ಅನ್ನಿ. ಕಿರಣ ಪಟ್ಟಿಯನ್ನು ಎಳೆಯುತ್ತಾ ಎಳೆಯುತ್ತಾ ಆ ಗೆರೆಗೆ ಬಂದಾಗ ಅಲ್ಲಿ ಮಿಂಚಿನಂತೆ ಬೆಳಕು. ಪೆನ್ ಆ ಕ್ಷಣ 'ಕಂಡಿತು' ಅಂತ ಕೂಗುತ್ತದೆ. ಕಂಪ್ಯೂಟರ್ ನೋಡುತ್ತದೆ: ಈಗ ಪಟ್ಟಿಯಲ್ಲಿ ಎಷ್ಟನೇ ಗೆರೆ ಎಳೆಯುತ್ತಿದ್ದೆ? 217. ಹಾಗಾದರೆ ಇವರು ಮುಟ್ಟಿದ್ದು 217ನೇ ಗೆರೆ. ಎಷ್ಟು ಚಂದ ನೋಡಿ! ಜಾಗ ಹುಡುಕುವ ಲೆಕ್ಕವೇ ಇಲ್ಲ. ಇವತ್ತು ನೀವು ಮೌಸ್ ಒತ್ತಿದಾಗ ಸಾಫ್ಟ್‌ವೇರ್ 'ಈ ಬಿಂದುವಿನ ಹತ್ತಿರ ಯಾವ ಗೆರೆ ಇದೆ' ಅಂತ ಹುಡುಕಬೇಕು. ಲೈಟ್ ಪೆನ್‌ಗೆ ಉತ್ತರ ತಾನಾಗೇ ಸಿಗುತ್ತಿತ್ತು. ಆದರೆ ಖಾಲಿ ಜಾಗದಲ್ಲಿ ಬೆಳಕೇ ಇಲ್ಲವಲ್ಲ, ಅಲ್ಲಿ ಪೆನ್ ಕುರುಡು. ಅದಕ್ಕೆ ಪೆನ್ನಿನ ಕೆಳಗೆ ಒಂದು ಸಣ್ಣ ಕೂಡು ಗುರುತನ್ನು ಕಂಪ್ಯೂಟರೇ ಬರೆಯುತ್ತಾ, ಪೆನ್ ಸರಿದತ್ತ ಅದನ್ನೂ ಸರಿಸುತ್ತಾ ಹೋಗುತ್ತಿತ್ತು.

ರಿಫ್ರೆಶ್ ಪರದೆಯ ದೊಡ್ಡ ತಲೆನೋವು ಮಿಣುಕು. ಸೆಕೆಂಡಿಗೆ 40 ಸಲ ಅಂದರೆ ಒಂದು ಸುತ್ತಿಗೆ 25 ಮಿಲಿಸೆಕೆಂಡ್. ಒಂದು ಗೆರೆಗೆ 10 ಮೈಕ್ರೋಸೆಕೆಂಡ್ ಹಿಡಿಯುತ್ತದೆ ಅಂದುಕೊಂಡರೆ 2,500 ಗೆರೆ ಆಯಿತು, ಸಮಯ ಮುಗಿಯಿತು. 5,000 ಗೆರೆ ಹಾಕಿದರೆ ರಿಫ್ರೆಶ್ 20ಕ್ಕೆ ಇಳಿಯುತ್ತದೆ, ಪರದೆ ಮಿಣುಕಲು ಶುರು. ಅಂದರೆ ಡ್ರಾಯಿಂಗ್ ದೊಡ್ಡದಾದಷ್ಟೂ ಕಣ್ಣಿಗೆ ಹಿಂಸೆ. ಇನ್ನೊಂದು ತಮಾಷೆಯಿದೆ. ಕೆಲವು ಯಂತ್ರಗಳಲ್ಲಿ ಚಿಕ್ಕ ಗೆರೆಗೂ ದೊಡ್ಡ ಗೆರೆಗೂ ಒಂದೇ ಸಮಯ. ಆಗ ದೊಡ್ಡ ಗೆರೆಯ ಮೇಲೆ ಕಿರಣ ಓಡಬೇಕು, ಅದು ಮಂಕಾಗುತ್ತದೆ. ಚಿಕ್ಕ ಗೆರೆ ಫಳಫಳ. ಅದನ್ನು ಸರಿದೂಗಿಸಲು ಗೆರೆಯ ಉದ್ದ ನೋಡಿ ಕಿರಣದ ತೀವ್ರತೆ ಹೆಚ್ಚುಕಮ್ಮಿ ಮಾಡುವ ಸರ್ಕ್ಯೂಟ್ ಬೇರೆ ಹಾಕಬೇಕು. ಗೆರೆ ಎಳೆಯುವ ಕೆಲಸವೆಲ್ಲ ಅನಲಾಗ್ ವೋಲ್ಟೇಜಿನದು. ಸರಿಹೊಂದಿಸುವುದು ಸ್ವಲ್ಪ ತಪ್ಪಿದರೂ ಚೌಕದ ಮೂಲೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

ಈ ದಾರಿಯಲ್ಲಿ ಕೊನೆಯವರೆಗೆ ಹೋದವರು ಇವಾನ್ಸ್ ಅಂಡ್ ಸದರ್ಲೆಂಡ್. ಅದೇ ಸದರ್ಲೆಂಡ್, ಡೇವಿಡ್ ಇವಾನ್ಸ್ ಜೊತೆ 1968ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರು ಮಾಡಿದ ಕಂಪನಿ. ಅವರ ಎಲ್‌ಡಿಎಸ್-1, ಆಮೇಲೆ ಬಂದ ಪಿಕ್ಚರ್ ಸಿಸ್ಟಂ ಯಂತ್ರಗಳಲ್ಲಿ ಚಿತ್ರ ತಿರುಗಿಸಲು ಬೇಕಾದ ಮ್ಯಾಟ್ರಿಕ್ಸ್ ಗುಣಾಕಾರ ಮಾಡುವ ಹಾರ್ಡ್‌ವೇರ್ ಪರದೆಯ ಜೊತೆಗೇ ಇತ್ತು. ಗುಂಡಿ ತಿರುಗಿಸಿದರೆ ತಂತಿ ಚೌಕಟ್ಟಿನ ಮಾದರಿ ಕಣ್ಣೆದುರಿಗೇ ತಿರುಗುತ್ತಿತ್ತು. ದೂರದ ಗೆರೆಗಳನ್ನು ಮಂಕು ಮಾಡಿ ಆಳ ತೋರಿಸುತ್ತಿದ್ದರು. ಪ್ರೋಟೀನ್ ರಚನೆ ಕಂಡುಹಿಡಿಯುವ ವಿಜ್ಞಾನಿಗಳು ಇವನ್ನು ಬಿಡಲು ಮನಸ್ಸಿಲ್ಲದೆ 1980ರ ದಶಕದಲ್ಲೂ ಹಿಡಿದುಕೊಂಡಿದ್ದರು.

ಸದರ್ಲೆಂಡ್ ಮತ್ತು ಮೈಯರ್ 1968ರಲ್ಲಿ ಬರೆದ ಒಂದು ಲೇಖನದಲ್ಲಿ ಇದರ ಮೇಲೆ ಒಳ್ಳೆಯ ಹಾಸ್ಯವಿದೆ. ಕಂಪ್ಯೂಟರಿನ ಹೊರೆ ಇಳಿಸಲು ಪರದೆಗೆ ಒಂದು ಸಣ್ಣ ಪ್ರಾಸೆಸರ್ ಕೊಟ್ಟರು. ಅದು ಸಾಲದೆ ಇನ್ನಷ್ಟು ಕೊಟ್ಟರು. ಕೊನೆಗೆ ನೋಡಿದರೆ ಪರದೆಯೇ ಒಂದು ಪೂರ್ತಿ ಕಂಪ್ಯೂಟರ್ ಆಗಿತ್ತು, ಈಗ ಅದರ ಹೊರೆ ಇಳಿಸಲು ಇನ್ನೊಂದು ಬೇಕು! ಇದನ್ನು ಅವರು ಪುನರ್ಜನ್ಮದ ಚಕ್ರ ಅಂತ ಕರೆದರು. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಈಗ ಆ ಚಕ್ರದ ಎಷ್ಟನೇ ಜನ್ಮದಲ್ಲಿದೆಯೋ, ನೀವೇ ಎಣಿಸಿ.

ಸರಿ. ಇದೆಲ್ಲ ದೊಡ್ಡವರ ಮನೆ ಮಾತು. ಲಕ್ಷಗಟ್ಟಲೆ ಡಾಲರ್ ಇಲ್ಲದ ಮಧ್ಯಮ ಗಾತ್ರದ ಕಂಪನಿ, ಕಾಲೇಜು, ಅವರಿಗೇನು ಗತಿ?

ಎರಡನೇ ಉತ್ತರ ಬಂದದ್ದು ಕಂಪ್ಯೂಟರ್ ಜನರಿಂದಲ್ಲ, ವಿದ್ಯುತ್ ಸಿಗ್ನಲನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಮಾಡುವವರಿಂದ. ಅಮೆರಿಕದ ಆರೆಗನ್ ರಾಜ್ಯದ ಟೆಕ್‌ಟ್ರಾನಿಕ್ಸ್ ಕಂಪನಿಗೆ ಒಂದು ಬೇರೆ ಸಮಸ್ಯೆ ಇತ್ತು. ಒಂದೇ ಸಲ ಬಂದು ಹೋಗುವ ಸಿಗ್ನಲ್ ಅನ್ನು ಪರದೆಯಲ್ಲಿ ಹಿಡಿದಿಡುವುದು ಹೇಗೆ? ಅಲ್ಲಿನ ರಾಬರ್ಟ್ ಆಂಡರ್ಸನ್ ಇದಕ್ಕೆ ಒಂದು ಟ್ಯೂಬ್ ಮಾಡಿದರು. ಚಿತ್ರವನ್ನು ಗಾಜಿನ ಹಿಂದಿರುವ ಫಾಸ್ಫರೇ ನೆನಪಿಟ್ಟುಕೊಳ್ಳುವ ಸ್ಟೋರೇಜ್ ಟ್ಯೂಬ್. ಮೆಮೊರಿ ದುಬಾರಿ ತಾನೇ? ಹಾಗಾದರೆ ಪರದೆಯೇ ಮೆಮೊರಿಯಾಗಲಿ.

ಕೆಲಸ ಮಾಡುವ ರೀತಿ ಹೀಗೆ. ಒಂದು ಕಿರಣ ಬರೆಯುವುದಕ್ಕೆ. ಅದರ ಜೊತೆ ಇಡೀ ಪರದೆಯ ಮೇಲೆ ನಿಧಾನಗತಿಯ ಎಲೆಕ್ಟ್ರಾನುಗಳನ್ನು ಸದಾ ಸುರಿಯುವ ಫ್ಲಡ್ ಗನ್ ಬೇರೆ. ಬರೆಯದ ಜಾಗದಲ್ಲಿ ಫಾಸ್ಫರ್ ಕಡಿಮೆ ವೋಲ್ಟೇಜಿನಲ್ಲಿ ಇರುತ್ತದೆ, ಫ್ಲಡ್ ಎಲೆಕ್ಟ್ರಾನುಗಳು ಅಲ್ಲಿ ಬೆಳಗಿಸುವಷ್ಟು ಜೋರಾಗಿ ಬೀಳುವುದಿಲ್ಲ. ಬರೆಯುವ ಕಿರಣ ಜೋರಾಗಿ ಹೊಡೆದ ಜಾಗದಿಂದ ಬಂದದ್ದಕ್ಕಿಂತ ಜಾಸ್ತಿ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ, ಆ ಜಾಗ ಧನ ವೋಲ್ಟೇಜಿಗೆ ಏರುತ್ತದೆ. ಈಗ ಫ್ಲಡ್ ಎಲೆಕ್ಟ್ರಾನುಗಳು ಅಲ್ಲಿಗೆ ರಭಸದಿಂದ ನುಗ್ಗಿ ಅದನ್ನು ಬೆಳಗುತ್ತಲೇ ಇಡುತ್ತವೆ, ವೋಲ್ಟೇಜನ್ನೂ ಇಳಿಯಲು ಬಿಡುವುದಿಲ್ಲ. ಎರಡೇ ಸ್ಥಿತಿ: ಆರಿದ್ದು, ಬೆಳಗಿದ್ದು. ಎರಡೂ ಅಲ್ಲಾಡದ ಸ್ಥಿತಿ. ಒಂದು ಸಲ ಬರೆದ ಗೆರೆ ಉಳಿಯಿತು. ರಿಫ್ರೆಶ್ ಬೇಡ, ಪಟ್ಟಿ ಬೇಡ, ಮಿಣುಕು ಇಲ್ಲ. ಹತ್ತು ಸಾವಿರ ಗೆರೆ ಬೇಕಾದರೂ ಹಾಕಿ.

ಈ ಟ್ಯೂಬ್ ಹಾಕಿ 1972ರಲ್ಲಿ ಬಂದ 4010 ಟರ್ಮಿನಲಿನ (ದೂರದ ಕಂಪ್ಯೂಟರಿಗೆ ಜೋಡಿಸುವ ಪರದೆ, ಕೀಬೋರ್ಡ್) ಬೆಲೆ 5 ಸಾವಿರ ಡಾಲರಿಗಿಂತ ಕಡಿಮೆ. ಐಬಿಎಂ 2250ರ ಬೆಲೆ ಪಕ್ಕದಲ್ಲಿಟ್ಟು ನೋಡಿ. ಮೇಲಾಗಿ ಇದಕ್ಕೆ ಪಕ್ಕದಲ್ಲೇ ಮೇನ್‌ಫ್ರೇಮ್ ಬೇಕಿರಲಿಲ್ಲ, ಟೆಲಿಫೋನ್ ಲೈನ್ ಸಾಕು. ಎರಡು ವರ್ಷದ ಮೇಲೆ 19 ಇಂಚಿನ 4014 ಬಂತು. ಹೆಚ್ಚುವರಿ ಬೋರ್ಡ್ ಹಾಕಿದರೆ ಅದರಲ್ಲಿ 4096×3120 ಬಿಂದು! ಇವತ್ತಿನ ಎಷ್ಟೋ ಲ್ಯಾಪ್‌ಟಾಪುಗಳ ಲೆಕ್ಕಕ್ಕಿಂತ ಜಾಸ್ತಿ.

ಅದಕ್ಕೆ ಚಿತ್ರ ಕಳಿಸುವ ಭಾಷೆಯೂ ಬಡವರ ಜಾಣತನದ್ದೇ. ಒಂದು ಕಂಟ್ರೋಲ್ ಅಕ್ಷರ ಕಳಿಸಿದರೆ ಟರ್ಮಿನಲ್ ಗ್ರಾಫ್ ಮೋಡಿಗೆ ಹೋಗುತ್ತದೆ. ಆಮೇಲೆ ಬರುವ ಮಾಮೂಲಿ ಅಕ್ಷರಗಳನ್ನೇ ಅದು ಬಿಂದುಗಳು ಅಂತ ಓದುತ್ತದೆ. ಅಡ್ಡಕ್ಕೆ 10 ಬಿಟ್, ಉದ್ದಕ್ಕೆ 10 ಬಿಟ್, ಐದೈದಾಗಿ ಕತ್ತರಿಸಿದರೆ ನಾಲ್ಕು ಅಕ್ಷರ. ಹಿಂದಿನ ಬಿಂದುವಿಗಿಂತ ಬದಲಾಗದ ಅಕ್ಷರವನ್ನು ಕಳಿಸದೆ ಬಿಡಲೂ ಅವಕಾಶವಿತ್ತು, ಏಕೆಂದರೆ ಲೈನ್ ಅಷ್ಟು ನಿಧಾನ. 1200 ಬಾಡ್ ಅಂದರೆ ಸೆಕೆಂಡಿಗೆ 120 ಅಕ್ಷರ, ಅಂದರೆ 30 ಬಿಂದು. ಒಂದರ ತುದಿಯಿಂದ ಇನ್ನೊಂದು ಶುರುವಾಗುವ 3,000 ಗೆರೆಯ ಡ್ರಾಯಿಂಗಿಗೆ ನೂರು ಸೆಕೆಂಡ್. 300 ಬಾಡಿನ ಮೋಡೆಮ್ ಆದರೆ ಆರೂವರೆ ನಿಮಿಷಕ್ಕೂ ಜಾಸ್ತಿ.

ಈಗ ಶುರುವಿನಲ್ಲಿ ಹೇಳಿದ ಕಷ್ಟಕ್ಕೆ ಬರೋಣ. ಈ ಟ್ಯೂಬಿನಲ್ಲಿ ಒಂದೇ ಗೆರೆಯನ್ನು ಅಳಿಸಲು ಆಗುವುದಿಲ್ಲ. ಅಳಿಸಬೇಕಾದರೆ ಇಡೀ ಪರದೆಯನ್ನು ಒಮ್ಮೆ ಪೂರ್ತಿ ಬೆಳಗಿಸಿ ಆಮೇಲೆ ಆರಿಸಬೇಕು. ಕಣ್ಣು ಕೋರೈಸುವ ಹಸಿರು ಮಿಂಚು ಒಂದು ಸಲ ಬರುತ್ತಿತ್ತು. ಆಮೇಲೆ ಮತ್ತೆ ನೂರು ಸೆಕೆಂಡ್. ಹಾಗಾಗಿ ಕೆಲವು ಸಾಫ್ಟ್‌ವೇರುಗಳು ಅಳಿಸಿದ ಗೆರೆಯ ಮೇಲೆ ಒಂದು ಗುರುತು ಹಾಕಿ ಸುಮ್ಮನಾಗುತ್ತಿದ್ದವು. ಒಳಗಿನ ಲೆಕ್ಕದಲ್ಲಿ ಗೆರೆ ಹೋಗಿದೆ, ಪರದೆ ಮೇಲೆ ಇನ್ನೂ ಇದೆ. ಎಂಜಿನಿಯರ್ ಹೀಗೇ ಅರ್ಧ ಗಂಟೆ ಕೆಲಸ ಮಾಡಿ, ಪರದೆ ಗೊಂದಲಮಯವಾಗಿ ತನಗೇ ತಲೆಬುಡ ತಿಳಿಯದಂತೆ ಆದಾಗ 'ಮತ್ತೆ ಬರೆ' ಅನ್ನುತ್ತಿದ್ದ. ಆಟೋಕ್ಯಾಡಿನಲ್ಲಿ ಚಿತ್ರ ಮತ್ತೆ ಬರೆಸಲು ನೀವು ಬಳಸುವ ರೀಡ್ರಾ, ರೀಜೆನ್ ಕಮಾಂಡುಗಳು ನೇರವಾಗಿ ಇಲ್ಲಿಂದಲೇ ಬಂದವು ಅಂತ ನಾನು ಹೇಳುವುದಿಲ್ಲ. ಆದರೆ ಯೋಚನೆ ಅದೇ: ಮಾದರಿ ಒಂದು ಕಡೆ, ಪರದೆ ಇನ್ನೊಂದು ಕಡೆ, ಎರಡನ್ನೂ ಆಗಾಗ ಕೂಡಿಸಬೇಕು.

ಲೈಟ್ ಪೆನ್ ಕೂಡ ಇಲ್ಲಿ ನಡೆಯುವುದಿಲ್ಲ. ಯಾಕೆ ಅಂತ ನಿಮಗೆ ಹೊಳೆದಿರಬೇಕು. ಎಲ್ಲ ಗೆರೆಗಳೂ ಸದಾ ಬೆಳಗುತ್ತಿರುತ್ತವೆ. ಪೆನ್‌ಗೆ ಕಾಣುವ ಆ ಒಂದು ಮಿಂಚು, ಆ ಒಂದು ಕ್ಷಣವೇ ಇಲ್ಲ. ಅದಕ್ಕೆ 4010ರ ಕೀಬೋರ್ಡ್ ಪಕ್ಕದಲ್ಲಿ ಎರಡು ಸಣ್ಣ ಚಕ್ರ ಇಟ್ಟರು. ಹೆಬ್ಬೆರಳಿನಿಂದ ಒಂದನ್ನು ತಿರುಗಿಸಿದರೆ ನಿಂತ ಗೆರೆ ಆಚೀಚೆ, ಇನ್ನೊಂದನ್ನು ತಿರುಗಿಸಿದರೆ ಅಡ್ಡ ಗೆರೆ ಮೇಲೆ ಕೆಳಗೆ. ಎರಡೂ ಕೂಡಿದ ಜಾಗವೇ ನೀವು ತೋರಿಸುವ ಬಿಂದು. ಈ ಗೆರೆಗಳನ್ನು ಫಾಸ್ಫರ್ ಹಿಡಿದಿಡದಷ್ಟು ಮೆತ್ತಗೆ ಬರೆಯುತ್ತಿದ್ದರು. ಬೇರೆ ಕೆಲವು ವ್ಯವಸ್ಥೆಗಳಲ್ಲಿ ಮೇಜಿನ ಮೇಲೆ ಟ್ಯಾಬ್ಲೆಟ್ ಇರುತ್ತಿತ್ತು.

ಟ್ಯೂಬಿನ ಬೆಳಕು ಮಂದ. ಹಾಗಾಗಿ ಕ್ಯಾಡ್ ಕೋಣೆಗಳಲ್ಲಿ ದೀಪ ಕಡಿಮೆ ಮಾಡುತ್ತಿದ್ದರು. ದೊಡ್ಡ ಕಿಟಕಿ, ಧಾರಾಳ ಬೆಳಕಿದ್ದ ಡ್ರಾಯಿಂಗ್ ಹಾಲಿನಿಂದ ಬಂದ ಡ್ರಾಫ್ಟ್ಸ್‌ಮನ್‌ಗಳಿಗೆ ಅದು ಎಷ್ಟು ಬೇಸರ ತಂದಿರಬೇಕು, ಊಹಿಸಿ. ಆದರೂ ಕಂಪ್ಯೂಟರ್‌ವಿಷನ್, ಆಪ್ಲಿಕಾನ್ ಥರದ ಕಂಪನಿಗಳು 1970ರ ದಶಕದಲ್ಲಿ ಮೇನ್‌ಫ್ರೇಮಿಗಿಂತ ಚಿಕ್ಕದಾದ ಮಿನಿ ಕಂಪ್ಯೂಟರಿಗೆ ಈ ಟ್ಯೂಬ್ ಜೋಡಿಸಿ ಸಿದ್ಧ ವ್ಯವಸ್ಥೆಗಳನ್ನು ಮಾರಿದವು. ಸರ್ಕ್ಯೂಟ್ ಬೋರ್ಡು, ಚಿಪ್ಪುಗಳ ವಿನ್ಯಾಸ, ಯಂತ್ರದ ಭಾಗಗಳು, ಎಲ್ಲ ಆ ಹಸಿರು ಗೆರೆಗಳಲ್ಲೇ ನಡೆಯಿತು. ಸ್ಕೆಚ್‌ಪ್ಯಾಡ್ ದಾರಿ ತೋರಿಸಿತು, ನಿಜ. ಆದರೆ ಜನ ನಡೆದದ್ದು ಈ ಅಗ್ಗದ ದಾರಿಯಲ್ಲಿ.

ಮೂರನೇ ಉತ್ತರಕ್ಕೆ ಹೆಚ್ಚು ಮಾತು ಬೇಡ. ಸೆಮಿಕಂಡಕ್ಟರ್ ಮೆಮೊರಿ ಬಂತು, ಬೆಲೆ ಬಿತ್ತು. ಚುಕ್ಕೆಗಳನ್ನೇ ಮೆಮೊರಿಯಲ್ಲಿ ಇಡುವುದು ಅಗ್ಗವಾಯಿತು. 1980ರ ದಶಕದ ಶುರುವಿನಲ್ಲಿ ಅಪೊಲೊ, ಸನ್ ಕಂಪನಿಗಳ ವರ್ಕ್‌ಸ್ಟೇಷನ್‌ಗಳು, ಅಂದರೆ ಒಬ್ಬರ ಮೇಜಿಗೆ ಒಂದರಂತೆ ಇಡುವ ಬಲವಾದ ಕಂಪ್ಯೂಟರುಗಳು, ಬಂದವು. ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಂಡವು, ವೆಕ್ಟರ್ ಪರದೆಯ ಚೂಪಾದ ಗೆರೆ ನೋಡಿದವರು ಮೂಗು ಮುರಿದರು. ಆದರೆ ಮೇಲ್ಮೈಗೆ ಬಣ್ಣ ತುಂಬಿ ನೆರಳು ಕೊಡಬಹುದಿತ್ತು. ಆಮೇಲೆ ಗೆರೆಯ ಪರದೆಗೆ ಉಳಿಗಾಲವಿರಲಿಲ್ಲ.

ಪ್ರಶ್ನೆಗಳು.

'ವೆಕ್ಟರ್ ಪರದೆಯಲ್ಲಿ ಬಣ್ಣ ಇರಲೇ ಇಲ್ವಾ ಸರ್?' ಇತ್ತು. ಎರಡು ಪದರ ಫಾಸ್ಫರ್ ಹಾಕಿ, ಕಿರಣದ ವೇಗ ಬದಲಿಸಿ ಕೆಂಪಿನಿಂದ ಹಸಿರಿನವರೆಗೆ ಕೆಲವು ಬಣ್ಣ ತರುವ ಟ್ಯೂಬುಗಳಿದ್ದವು. ಇಡೀ ಮೇಲ್ಮೈಗೆ ಬಣ್ಣ ತುಂಬುವುದು ಮಾತ್ರ ಗೆರೆ ಎಳೆಯುವ ಯಂತ್ರಕ್ಕೆ ಹೇಳಿಮಾಡಿಸಿದ ಕೆಲಸವಲ್ಲ.

'ಮನೆಯಲ್ಲಿ ಆಡುವ ವಿಡಿಯೋ ಗೇಮಿನಲ್ಲೂ ಇದು ಇತ್ತಂತೆ?' ಹೌದು. ಅಟಾರಿಯ ಆಸ್ಟರಾಯ್ಡ್ಸ್, 1979. ಅದು ಮನೆಯದಲ್ಲ, ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರ. ಮನೆಗೆ ಬಂದದ್ದು 1982ರ ವೆಕ್ಟ್ರೆಕ್ಸ್. ಎರಡೂ ರಿಫ್ರೆಶ್ ಜಾತಿ. ಸ್ಟೋರೇಜ್ ಟ್ಯೂಬಿನಲ್ಲಿ ಗುಂಡು ಹಾರಿಸಿದರೆ ಗುಂಡಿನ ದಾರಿಯೆಲ್ಲ ಹಾಗೇ ಉಳಿದುಬಿಡುತ್ತಿತ್ತು!

'ಈಗ ಇದನ್ನು ನೋಡಬೇಕಾದರೆ?' ಯಂತ್ರ ಸಿಗುವುದು ಕಷ್ಟ, ಅದರ ಭಾಷೆ ಸಿಗುತ್ತದೆ. ಲಿನಕ್ಸಿನ ಎಕ್ಸ್‌ಟರ್ಮ್ ಅನ್ನುವ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಟೆಕ್‌ಟ್ರಾನಿಕ್ಸ್ 4014ರ ಅನುಕರಣೆ ಇದೆ. ಕಂಟ್ರೋಲ್ ಕೀ ಹಿಡಿದು ಮೌಸಿನ ನಡುವಿನ ಗುಂಡಿ ಒತ್ತಿದರೆ ಬರುವ ಮೆನುವಿನಲ್ಲಿ ಟೆಕ್ ಕಿಟಕಿ ತೆರೆಯುವ ಆಯ್ಕೆ ಸಿಗುತ್ತದೆ. ಗ್ರಾಫ್ ಬರೆಯುವ ಗ್ನುಪ್ಲಾಟ್ ಪ್ರೋಗ್ರಾಮಿಗೂ ಈ ಭಾಷೆ ಬರುತ್ತದೆ. ಕೆಲವರು ಎಕ್ಸ್‌ಟರ್ಮ್ ಕಟ್ಟುವಾಗ ಈ ಭಾಗವನ್ನು ಬಿಟ್ಟಿರುತ್ತಾರೆ, ಮೆನುವಿನಲ್ಲಿ ಕಾಣದಿದ್ದರೆ ಅದೇ ಕಾರಣ. ಆಗ ಮೂಲ ಕೋಡಿನಿಂದ ನೀವೇ ಕಟ್ಟಿಕೊಳ್ಳಬೇಕು.